ದುಡಿದವನು ಹುಡುಗ, ಹಣ ಬೇರೆಯವರ ಹೆಸರಲ್ಲಿ: ಒಬ್ಬ ಹಾಲಿವುಡ್ ಬಾಲನಟನ ಪ್ರಕರಣ

ಈ ಪ್ರಕರಣ ಅಮೆರಿಕದ್ದು. ಶುರುವಾಗಿ 100 ವರ್ಷ ದಾಟಿದೆ. ಆದರೂ ಮಕ್ಕಳನ್ನು ಕ್ಯಾಮೆರಾ ಮುಂದೆ ನಿಲ್ಲಿಸುವ ಎಲ್ಲ ಅಪ್ಪ ಅಮ್ಮಂದಿರೂ ಇದನ್ನು ಓದಬೇಕು ಅಂತ ನನ್ನ ಆಸೆ.

ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಹಳೆಯ ಮೂಕಿ ಸಿನಿಮಾಗಳನ್ನು ನೋಡಿದವರು ಯಾರೆಂದು ಊಹಿಸಬಹುದು, ಪರವಾಗಿಲ್ಲ. ಆದರೆ ಹೆಸರು ಬಂದ ಕೂಡಲೇ ಮಾತು ಗಾಸಿಪ್ ಕಡೆ ತಿರುಗುತ್ತದೆ. ತಾಯಿ ಕೆಟ್ಟವಳು, ಮಲತಂದೆ ಇನ್ನೂ ಕೆಟ್ಟವನು ಅಂತ ಹೇಳಿ ಎಲ್ಲರೂ ಎದ್ದು ಹೋಗುತ್ತಾರೆ. ನಾನು ಹೇಳಬೇಕಾದ್ದು ಅದಲ್ಲ. ಯಾವ ಹೊತ್ತಿನಲ್ಲಿ ಯಾರು ಏನು ತೀರ್ಮಾನ ತೆಗೆದುಕೊಂಡರು, ಯಾವುದನ್ನು ತೆಗೆದುಕೊಳ್ಳಲೇ ಇಲ್ಲ ಎನ್ನುವುದು ಇಲ್ಲಿ ಮುಖ್ಯ. ಹಾಗಾಗಿ ಅವನನ್ನು 'ಹುಡುಗ' ಎಂದೇ ಕರೆಯುತ್ತೇನೆ. ಅವನನ್ನು ಸಿನಿಮಾಕ್ಕೆ ತಂದ ದೊಡ್ಡ ಹಾಸ್ಯನಟ ಇಲ್ಲಿ ಬರೀ 'ನಿರ್ದೇಶಕರು'. ಇಸವಿ, ಊರು, ಮೊತ್ತ ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ಹುಡುಗ ಹುಟ್ಟಿದ್ದು 1914ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ವಾಡೆವಿಲ್ ಕಲಾವಿದರು. ಹಾಡು, ಕುಣಿತ, ನಗೆ ಪ್ರಸಂಗ, ಕಸರತ್ತು ಎಲ್ಲವೂ ಒಂದೇ ಸಂಜೆಯಲ್ಲಿ ಒಂದರ ಹಿಂದೊಂದು ಬರುವ ರಂಗ ಪ್ರದರ್ಶನ ಅದು. ಇಂಥ ಮನೆಯಲ್ಲಿ ಮಗು ರಂಗದ ಮೇಲೆ ಬರುವುದು ದೊಡ್ಡ ಸುದ್ದಿಯಲ್ಲ. ಅಪ್ಪನ ಕುಣಿತದ ಕೊನೆಗೆ ಮಗನೂ ಬಂದು ನಾಲ್ಕು ಹೆಜ್ಜೆ ಹಾಕುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು.

1919ರಲ್ಲಿ ಲಾಸ್ ಏಂಜಲೀಸ್‌ನ ಆರ್ಫಿಯಮ್ ಥಿಯೇಟರ್‌ನಲ್ಲಿ ಹೀಗೆ ಕುಣಿಯುತ್ತಿದ್ದಾಗ ನಿರ್ದೇಶಕರು ನೋಡಿದರು. ಆಗ ಅವರಿಗೆ ಸಮನಾದ ನಟ ಇಡೀ ಪ್ರಪಂಚದಲ್ಲಿ ಇರಲಿಲ್ಲ. ಅದೇ ವರ್ಷ ಅವರ ಸ್ವಂತ ಕೂಸು ಹುಟ್ಟಿದ ಮೂರೇ ದಿನಕ್ಕೆ ತೀರಿಕೊಂಡಿತ್ತು. ಹುಡುಗನಿಗೆ ಮೊದಲು ಒಂದು ಕಿರುಚಿತ್ರದಲ್ಲಿ ಸಣ್ಣ ಪಾತ್ರ ಸಿಕ್ಕಿತು. ಆಮೇಲೆ ದೊಡ್ಡ ಚಿತ್ರ: ಬೀದಿಯಲ್ಲಿ ಸಿಕ್ಕ ಅನಾಥ ಮಗುವನ್ನು ಒಬ್ಬ ಅಲೆಮಾರಿ ಸಾಕುವ ಕಥೆ. 1921ರಲ್ಲಿ ತೆರೆಗೆ ಬಂತು. ಹುಡುಗನಿಗೆ ಆಗ ಆರು ವರ್ಷ.

ಆ ಚಿತ್ರದ ಒಂದು ದೃಶ್ಯದ ಚಿತ್ರೀಕರಣವನ್ನು ಹತ್ತಿರದಿಂದ ನೋಡೋಣ. ಮುಂದಿನ ಇಡೀ ಕಥೆಯ ಬೀಜ ಅಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಅನಾಥಾಲಯದವರು ಬಂದು ಹುಡುಗನನ್ನು ಎಳೆದುಕೊಂಡು ಹೋಗುತ್ತಾರೆ, ಅವನು ಗೋಳಾಡಿ ಅಳಬೇಕು. ಅವತ್ತು ಹುಡುಗ ಖುಷಿಯಾಗಿದ್ದ, ಅಳು ಬರುತ್ತಿಲ್ಲ. ನಿರ್ದೇಶಕರು ಏನೇನೋ ಹೇಳಿ ನೋಡಿದರು, ಆಗಲಿಲ್ಲ. ಆಗ ಅಪ್ಪ, ನಾನು ಅಳಿಸುತ್ತೇನೆ ಬಿಡಿ ಅಂತ ಮುಂದೆ ಬಂದರು. ಮಗನನ್ನು ಹೊಡೆಯಬೇಡಿ, ಹೆದರಿಸಬೇಡಿ ಅಂತ ನಿರ್ದೇಶಕರು ಹೇಳಿದ್ದರು. ಅಪ್ಪ ಹೊಡೆಯಲಿಲ್ಲ. ಈಗ ಅಳದಿದ್ದರೆ ಸ್ಟುಡಿಯೋದಿಂದ ಕರೆದುಕೊಂಡು ಹೋಗಿ ನಿಜವಾಗಿಯೂ ಅನಾಥಾಲಯಕ್ಕೆ ಸೇರಿಸಿಬಿಡುತ್ತೇನೆ ಅಂದರು ಅಷ್ಟೇ. ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಕ್ಯಾಮೆರಾ ಓಡಿತು. ದೃಶ್ಯ ಮುಗಿದ ಮೇಲೆ ನಿರ್ದೇಶಕರು ಅವನನ್ನು ಎತ್ತಿಕೊಂಡು, ಯಾರೂ ನಿನ್ನನ್ನು ಎಲ್ಲೂ ಕಳಿಸುವುದಿಲ್ಲ ಅಂತ ಸಮಾಧಾನ ಮಾಡಿದರು. ಹುಡುಗ ಅವರ ಕಿವಿಯಲ್ಲಿ ಮೆಲ್ಲಗೆ, ನನಗೆ ಗೊತ್ತಿತ್ತು, ಅಪ್ಪ ಸುಮ್ನೆ ಹೇಳಿದ್ದು ಅಂದನಂತೆ. ಇದನ್ನು ಮುಂದೆ ನಿರ್ದೇಶಕರೇ ಬರೆದಿದ್ದಾರೆ.

ಈ ಪ್ರಸಂಗವನ್ನು ಮುದ್ದಾದ ಕಥೆ ಅಂತ ಎಲ್ಲರೂ ಹೇಳುತ್ತಾ ಬಂದಿದ್ದಾರೆ. ಅದರಲ್ಲಿ ಮುದ್ದು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಪ್ಪನ ಮೇಲೆ ಆ ಮಗುವಿಗಿದ್ದ ನಂಬಿಕೆಯ ಅಳತೆಯೂ ಅದರಲ್ಲಿದೆ. ಅಪ್ಪ ಬಾಯಲ್ಲಿ ಏನೇ ಅಂದರೂ ತನ್ನನ್ನು ಕೈಬಿಡುವುದಿಲ್ಲ ಅಂತ ಅವನು ನಂಬಿದ್ದ. ಮುಂದೆ 14 ವರ್ಷ ಅವನ ಹಣಕಾಸು ನಿಂತಿದ್ದು ಇದೇ ನಂಬಿಕೆಯ ಮೇಲೆ. ಕಾಗದಪತ್ರದ ಮೇಲೆ ಅಲ್ಲ.

ಏರಿದ ರೀತಿ

ಚಿತ್ರ ಬಂದ ಮೇಲೆ ಹುಡುಗ ಮನೆಮಾತಾದ. ದೊಗಳೆ ಚಡ್ಡಿ, ಓರೆ ಟೋಪಿ, ಕಿವಿ ಮುಚ್ಚುವ ಹಾಗೆ ಕತ್ತರಿಸಿದ ಕೂದಲು. ಅವನ ಮುಖ ಇರುವ ಗೊಂಬೆ, ಪೀಪಿ, ಬರೆಯುವ ಸಾಮಾನು, ಕಡಲೆಬೀಜದ ಬೆಣ್ಣೆ ಡಬ್ಬಿ ಎಲ್ಲವೂ ಅಂಗಡಿಗೆ ಬಂದವು. ಒಬ್ಬ ನಟನ ಮುಖವನ್ನು ಈ ಮಟ್ಟದಲ್ಲಿ ಸರಕಿಗೆ ಅಂಟಿಸಿ ಮಾರಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಅಪ್ಪ ತಮ್ಮ ರಂಗದ ಕೆಲಸ ಬಿಟ್ಟು ಪೂರ್ತಿ ಮಗನ ವ್ಯವಹಾರಕ್ಕೆ ನಿಂತರು. ಮಗನ ಹೆಸರಿನಲ್ಲೇ ಒಂದು ಚಿತ್ರ ನಿರ್ಮಾಣ ಕಂಪನಿ ಆಯಿತು. ಸ್ಟುಡಿಯೋದಿಂದ ಬರುವ ಹಣ ಆ ಕಂಪನಿಗೆ, ಕಂಪನಿ ಅಪ್ಪ ಅಮ್ಮನ ಕೈಯಲ್ಲಿ. 1923ರಲ್ಲಿ ಮೆಟ್ರೋ ಸ್ಟುಡಿಯೋ ಜೊತೆ ಒಪ್ಪಂದವಾದಾಗ ಸಹಿ ಹಾಕಿದ್ದಕ್ಕೇ 5 ಲಕ್ಷ ಡಾಲರ್ ಬಂತು. ಅಮೆರಿಕದಲ್ಲಿ ಅತಿ ಹೆಚ್ಚು ದುಡಿಯುವ ನಟರ ಸಾಲಿನಲ್ಲಿ ಎಂಟು ವರ್ಷದ ಒಬ್ಬ ಹುಡುಗ! ಅವನ ಕೈಗೆ ಸಿಗುತ್ತಿದ್ದದ್ದು ವಾರಕ್ಕೆ 6 ಡಾಲರ್ 25 ಸೆಂಟ್ ಕೈಖರ್ಚು.

ಕೈಖರ್ಚು ಕಡಿಮೆ ಇದ್ದದ್ದು ತಪ್ಪೇನಲ್ಲ. ಎಂಟು ವರ್ಷದ ಮಗುವಿನ ಕೈಗೆ ಸಾವಿರಗಟ್ಟಲೆ ಕೊಡುವವರು ಯಾರು? ಅಪ್ಪ ಜಾಗರೂಕರಾಗಿ ಹಣ ನೋಡಿಕೊಳ್ಳುತ್ತಿದ್ದರು ಅಂತಲೇ ಮಗ ಕೊನೆವರೆಗೂ ನಂಬಿದ್ದ. ಪ್ರಶ್ನೆ ಬೇರೆ. ಉಳಿದ ಹಣ ಯಾರ ಹೆಸರಿನಲ್ಲಿತ್ತು? ಅದನ್ನು ಆಗ ಯಾರೂ ಕೇಳಲಿಲ್ಲ.

1924ರಲ್ಲಿ ಹುಡುಗ ನಿಯರ್ ಈಸ್ಟ್ ರಿಲೀಫ್ ಸಂಸ್ಥೆಯ ಪರವಾಗಿ ಅಮೆರಿಕ, ಯೂರೋಪು ಸುತ್ತಿದ. ಆರ್ಮೇನಿಯಾ ಮತ್ತು ಗ್ರೀಸ್ ಕಡೆಯ ಅನಾಥ ಮಕ್ಕಳಿಗೆ 10 ಲಕ್ಷ ಡಾಲರ್‌ಗೂ ಜಾಸ್ತಿ ಬೆಲೆಯ ಊಟ, ಬಟ್ಟೆ, ಸಾಮಾನು ಸೇರಿತು. ಪೋಪ್ ಅವರ ಭೇಟಿಯೂ ಆಯಿತು. ಬೇರೆ ಅನಾಥರಿಗಾಗಿ ಇಷ್ಟು ಲೆಕ್ಕ ಇಟ್ಟು ಸಂಗ್ರಹ ಮಾಡಿದ ಹುಡುಗನ ಸ್ವಂತ ಗಳಿಕೆಗೆ ಒಂದು ಟ್ರಸ್ಟ್, ಅಂದರೆ ಹಣವನ್ನು ಅವನಿಗಾಗಿಯೇ ಬೇರೆ ತೆಗೆದು ಕಾಪಾಡುವ ಕಾನೂನಿನ ಏರ್ಪಾಡು, ಇರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸಮಸ್ಯೆ ಎರಡು ಕಡೆಯಿಂದ ಬಂತು

ಒಂದು, ವಯಸ್ಸು. ಹುಡುಗ ಬೆಳೆದ. 1927ರಲ್ಲಿ, 12 ವರ್ಷ ತುಂಬಿದ್ದಾಗ, ಆ ಹೆಸರಾಂತ ಕೂದಲನ್ನು ಕತ್ತರಿಸಿದರು. ಸ್ಟುಡಿಯೋ ಅದನ್ನೇ ಪ್ರಚಾರ ಮಾಡಿತು, ಅದನ್ನೇ ಚಿತ್ರದ ಶೀರ್ಷಿಕೆಯಲ್ಲೂ ಸೇರಿಸಿತು. ಒಂದು ಮಗು ದೊಡ್ಡದಾಗುವುದನ್ನು ಸುದ್ದಿ ಮಾಡಿ ಮಾರಬಹುದು, ಆದರೆ ಒಂದೇ ಸಲ. ಅದೇ ಹೊತ್ತಿಗೆ ಸಿನಿಮಾಕ್ಕೆ ಮಾತು ಬಂತು. 1930 ಮತ್ತು 1931ರಲ್ಲಿ ಎರಡು ಚಿತ್ರಗಳಲ್ಲಿ ತುಂಟ ಹುಡುಗನ ಪಾತ್ರ ಸಿಕ್ಕಿತು. ಅಲ್ಲಿಗೆ ಮುಖ್ಯ ಪಾತ್ರಗಳು ಹೆಚ್ಚು ಕಡಿಮೆ ಮುಗಿದವು.

ಶಾಲೆಯ ಕಥೆಯೂ ಇದರ ಜೊತೆಗೇ ಇದೆ. ಹತ್ತು ವರ್ಷದವರೆಗೆ ಮನೆಪಾಠ. ಆಮೇಲೆ ಸೈನಿಕ ಶಿಸ್ತಿನ ಖಾಸಗಿ ಶಾಲೆ. ನಂತರ ಒಂದೆರಡು ಕಾಲೇಜು, ಯಾವುದೂ ನೆಟ್ಟಗೆ ಮುಗಿಯಲಿಲ್ಲ. ಹಾಗಂತ ಅವನು ದಡ್ಡನಾಗಿರಲಿಲ್ಲ. ಇಡೀ ಬಾಲ್ಯವನ್ನು ಒಂದೇ ಕೆಲಸಕ್ಕೆ ಕೊಟ್ಟಿದ್ದ. ಆ ಕೆಲಸಕ್ಕೆ ಬೇಕಾಗಿದ್ದ ಅರ್ಹತೆ ಚಿಕ್ಕವನಾಗಿರುವುದು.

ಇನ್ನೊಂದು, ಕಾನೂನು. ಅಪ್ರಾಪ್ತ ಮಕ್ಕಳ ಗಳಿಕೆ ತಂದೆತಾಯಿಗೆ ಸೇರಿದ್ದು ಅಂತ ಆಗಿನ ಕ್ಯಾಲಿಫೋರ್ನಿಯಾ ಕಾನೂನು ಹೇಳುತ್ತಿತ್ತು. ಅದು ಹೊಲ, ಅಂಗಡಿಗಳಲ್ಲಿ ಮಕ್ಕಳು ಮನೆಯವರ ಜೊತೆ ದುಡಿಯುತ್ತಿದ್ದ ಕಾಲದ ನಿಯಮ. ಮಗು ಸಂಸಾರದ ಕೈ, ಸಂಸಾರ ಮಗುವಿನ ಹೊಟ್ಟೆ ನೋಡಿಕೊಳ್ಳುತ್ತದೆ ಅನ್ನುವ ಲೆಕ್ಕ. ಇಡೀ ಮನೆಯನ್ನು ಒಬ್ಬ ಆರು ವರ್ಷದವನೇ ಸಾಕುವ ದಿನ ಬರಬಹುದು ಅಂತ ಆ ನಿಯಮ ಬರೆದವರು ಯೋಚಿಸಿರಲಿಲ್ಲ. ಉತ್ತವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬರದು ಅನ್ನುವ ಸ್ಥಿತಿ.

ಅಪ್ಪ ಬದುಕಿರುವವರೆಗೂ ಇದು ತೊಂದರೆ ಅಂತ ಯಾರಿಗೂ ಅನಿಸಲಿಲ್ಲ. 1935ರ ಮೇ ತಿಂಗಳಲ್ಲಿ ಅಪ್ಪ, ಮಗ ಮತ್ತು ಇನ್ನೂ ಮೂವರು ಮೆಕ್ಸಿಕೋ ಕಡೆ ಪಾರಿವಾಳದ ಬೇಟೆಗೆ ಹೋಗಿ ವಾಪಸ್ ಬರುತ್ತಿದ್ದರು. ಸ್ಯಾನ್ ಡಿಯಾಗೋ ಹತ್ತಿರದ ಬೆಟ್ಟದ ರಸ್ತೆ. ಅಪ್ಪ ಕಾರು ಓಡಿಸುತ್ತಿದ್ದರು. ಎದುರಿಗೆ ಬಂದ ಗಾಡಿಯಿಂದಾಗಿ ಕಾರು ರಸ್ತೆ ಬಿಟ್ಟು ಕೆಳಗೆ ಉರುಳಿತು. ಅಪ್ಪ ಸತ್ತರು. ಜೊತೆಗಿದ್ದ ಮೂವರೂ ಸತ್ತರು. ಅವರಲ್ಲಿ ಒಬ್ಬ, ಇವನ ಜೊತೆ ಆ ಎರಡು ಮಾತಿನ ಚಿತ್ರಗಳಲ್ಲಿ ನಟಿಸಿದ್ದ ಗೆಳೆಯ. ಅವನಿಗೆ ಇನ್ನೂ 20 ತುಂಬಿರಲಿಲ್ಲ. ಬದುಕಿದ್ದು ಹಿಂದಿನ ಸೀಟಿನಲ್ಲಿದ್ದ ನಮ್ಮ ಹುಡುಗ ಒಬ್ಬನೇ.

ಅವನಿಗೆ 21 ತುಂಬಲು ಐದು ತಿಂಗಳು ಬಾಕಿ ಇತ್ತು.

ಏನೇನು ಪ್ರಯತ್ನ ನಡೆಯಿತು

21 ತುಂಬಿದಾಗ ತನ್ನ ಹಣ ತನ್ನ ಕೈಗೆ ಬರುತ್ತದೆ ಅಂತ ಹುಡುಗ ಅಂದುಕೊಂಡಿದ್ದ. ಬರಲಿಲ್ಲ. ಅಪ್ಪನ ಸಾವಿನ ನಂತರ ಹಿಡಿತವೆಲ್ಲ ತಾಯಿಯ ಕೈಗೆ ಬಂದಿತ್ತು. ಸಂಸಾರದ ಹಣಕಾಸು ನೋಡಿಕೊಳ್ಳುತ್ತಿದ್ದ ಸಲಹೆಗಾರನನ್ನೇ ತಾಯಿ ಮದುವೆಯಾದರು. ಈ ಒಂದು ಮದುವೆಯಿಂದ ಮನೆಯೊಳಗೆ ಏನು ಬದಲಾಯಿತು ನೋಡಿ. ಹಣದ ಒಡೆತನ, ಲೆಕ್ಕದ ಪುಸ್ತಕ, ಲೆಕ್ಕ ಪ್ರಶ್ನಿಸಬೇಕಾದ ವ್ಯಕ್ತಿ, ಮೂರೂ ಒಂದೇ ಸೂರಿನಡಿ ಬಂದವು. ಹೊರಗಿನಿಂದ ನೋಡುವವರು ಯಾರೂ ಉಳಿಯಲಿಲ್ಲ.

ಮಗ ಕೂಡಲೇ ಕೋರ್ಟಿಗೆ ಹೋಗಲಿಲ್ಲ. ಎರಡೂವರೆ ವರ್ಷ ಹಾಗೇ ಕಳೆಯಿತು. 1937ರಲ್ಲಿ ಒಬ್ಬ ನಟಿಯನ್ನು ಮದುವೆಯಾದ. ಅವಳು ಆಗತಾನೇ ಮೇಲೆ ಬರುತ್ತಿದ್ದಳು, ಇವನು ಕೆಳಗಿಳಿಯುತ್ತಿದ್ದ. ಯಾಕೆ ಇಷ್ಟು ತಡ ಮಾಡಿದ ಅಂತ ಈಗ ಕುಳಿತು ಕೇಳುವುದು ಸುಲಭ. ಅಪ್ಪನನ್ನು ಕಣ್ಣೆದುರೇ ಕಳೆದುಕೊಂಡ ಮಗ, ಉಳಿದಿರುವ ಅಮ್ಮನ ಮೇಲೆ ಕೇಸು ಹಾಕುವುದು ಎಂಥ ಮಾತು! ನಮ್ಮಲ್ಲಾದರೂ ಅಣ್ಣತಮ್ಮಂದಿರ ಪಾಲಿನ ಜಗಳ ಕೋರ್ಟಿಗೆ ಹೋಗುತ್ತದೆ, ತಾಯಿಯ ಮೇಲೆ ಹೋಗಲು ಕಾಲೇ ಬರುವುದಿಲ್ಲ.

1938ರ ಏಪ್ರಿಲ್‌ನಲ್ಲಿ ಕೊನೆಗೂ ದಾವೆ ಹೂಡಿದ. ತಾಯಿ, ಮಲತಂದೆ, ತನ್ನದೇ ಹೆಸರಿನ ಕಂಪನಿ, ಇವರ ಮೇಲೆ. ಬಾಲ್ಯದಲ್ಲಿ ಗಳಿಸಿದ್ದು 30ರಿಂದ 40 ಲಕ್ಷ ಡಾಲರ್ ಅನ್ನುವುದು ಆಗ ಎಲ್ಲರ ಬಾಯಲ್ಲಿದ್ದ ಅಂದಾಜು. ಇವತ್ತಿನ ಬೆಲೆಯಲ್ಲಿ ಅದು ಹಲವು ಕೋಟಿ ಡಾಲರ್. ತುಪ್ಪಳದ ಕೋಟು, ವಜ್ರ, ದುಬಾರಿ ಕಾರುಗಳಿಗೆ ಹಣ ಹೋಗಿದೆ ಅನ್ನುವುದು ಮಗನ ಕಡೆಯ ಮಾತು.

ತಾಯಿಯ ಉತ್ತರವನ್ನು ಗಮನವಿಟ್ಟು ನೋಡಬೇಕು. ಹಣ ಕದ್ದಿಲ್ಲ ಅಂತಷ್ಟೇ ಅವರು ಹೇಳಲಿಲ್ಲ. ಹಣ ಅವನದ್ದೇ ಅಲ್ಲ ಅಂದರು. 21 ವರ್ಷದವರೆಗೆ ಮಗು ಗಳಿಸಿದ ಒಂದೊಂದು ಡಾಲರೂ ಹೆತ್ತವರದ್ದು, ಅವನಿಗೆ ಏನನ್ನೂ ಕೊಡುತ್ತೇವೆ ಅಂತ ಯಾರೂ ಮಾತು ಕೊಟ್ಟಿರಲಿಲ್ಲ, ಕ್ಯಾಮೆರಾ ಮುಂದೆ ಅವನು ಆಟ ಆಡುತ್ತಿದ್ದ ಅಷ್ಟೇ, ಹೀಗಿತ್ತು ಅವರ ವಾದ. ಕೇಳಲು ಎಷ್ಟು ಕಠಿಣ! ಆದರೆ ಅಂದಿನ ಕಾನೂನಿನ ಪ್ರಕಾರ ಅದು ಪೊಳ್ಳು ವಾದವಾಗಿರಲಿಲ್ಲ. ಅಪ್ಪ ಮಗನಿಗೆ ಕೊಟ್ಟ ಮಾತು ಏನಿತ್ತೋ ಅದು ಅಪ್ಪನ ಜೊತೆಗೇ ಹೋಗಿತ್ತು. ಮಗನ ಕೈಯಲ್ಲಿ ತೋರಿಸಲು ಒಂದು ಹಾಳೆ ಇರಲಿಲ್ಲ.

ಕೇಸು ನಡೆಯುತ್ತಿದ್ದಾಗ ಹುಡುಗನ ಕೈ ಬರಿದಾಗಿತ್ತು. ಹಳೆಯ ನಿರ್ದೇಶಕರ ಹತ್ತಿರ ಹೋದಾಗ ಅವರು ಹಿಂದೆ ಮುಂದೆ ನೋಡದೆ 1,000 ಡಾಲರ್ ಕೊಟ್ಟರು ಅನ್ನುತ್ತಾರೆ. ದಾಂಪತ್ಯವೂ ಇದೇ ಹೊತ್ತಿಗೆ ಮುರಿಯಿತು, 1939ರಲ್ಲಿ ವಿಚ್ಛೇದನ.

ಏನಾಯಿತು

1939ರಲ್ಲಿ ರಾಜಿಯಾಯಿತು. ಅಷ್ಟು ಹೊತ್ತಿಗೆ ಒಟ್ಟು ಉಳಿದಿದ್ದದ್ದೇ ಸುಮಾರು 2.5 ಲಕ್ಷ ಡಾಲರ್. ಅದರಲ್ಲಿ ಹುಡುಗನ ಪಾಲಿಗೆ ಬಂದಿದ್ದು 1,26,000. ನಾಲ್ಕನೇ ವಯಸ್ಸಿನಿಂದ ದುಡಿದವನಿಗೆ, 24ನೇ ವಯಸ್ಸಿನಲ್ಲಿ.

ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರಿಗಾಗಿ ಒಂದು ಕಾನೂನು ಬಂತು. ಇಂದಿಗೂ ಅದನ್ನು ಜನ ಈ ಹುಡುಗನ ಹೆಸರಿನಿಂದಲೇ ಕರೆಯುತ್ತಾರೆ. ಮಗುವಿನ ಒಪ್ಪಂದ ಕೋರ್ಟಿನ ಒಪ್ಪಿಗೆಗೆ ಬಂದಾಗ, ಗಳಿಕೆಯ ಒಂದು ಭಾಗವನ್ನು ಮಗುವಿಗಾಗಿ ತೆಗೆದಿಡಿ ಅಂತ ನ್ಯಾಯಾಧೀಶರು ಹೇಳಬಹುದು. ಅವನ ಕೇಸಿಗೆ ಇದರಿಂದ ಏನೂ ಉಪಯೋಗವಾಗಲಿಲ್ಲ. ಅವನ ನಂತರ ಬಂದ ಮಕ್ಕಳಿಗೆ ಆಗಬೇಕಿತ್ತು.

ಅದೂ ಪೂರ್ತಿ ಆಗಲಿಲ್ಲ. 'ಬಂದಾಗ' ಮತ್ತು 'ಹೇಳಬಹುದು', ಈ ಎರಡು ಮಾತುಗಳಲ್ಲೇ ತೂತು ಇತ್ತು. ಒಪ್ಪಂದವನ್ನು ಕೋರ್ಟಿಗೆ ಒಯ್ಯದಿದ್ದರೆ ಕಾನೂನು ತಾಗುವುದಿಲ್ಲ. ದಿನಗೂಲಿಯ ಹಾಗೆ ಬಂದು ಹೋಗುವ ಮಕ್ಕಳು ಇದರ ಲೆಕ್ಕಕ್ಕೇ ಬರಲಿಲ್ಲ. ಕೋರ್ಟು ಆದೇಶ ಕೊಟ್ಟರೂ ಹೆತ್ತವರು ಪಾಲಿಸಿದರೋ ಇಲ್ಲವೋ ನೋಡುವವರಿಲ್ಲ. 1930ರ ದಶಕದಲ್ಲಿ ಇವನಿಗಿಂತಲೂ ದೊಡ್ಡ ಹೆಸರು ಮಾಡಿದ ಗುಂಗುರು ಕೂದಲಿನ ಒಬ್ಬ ಹುಡುಗಿ ಇದ್ದಳು. ಅವಳು ಗಳಿಸಿದ್ದು 30 ಲಕ್ಷ ಡಾಲರ್‌ಗೂ ಜಾಸ್ತಿ. ದೊಡ್ಡವಳಾಗಿ ಲೆಕ್ಕ ತೆಗೆಸಿದಾಗ ಅವಳ ಟ್ರಸ್ಟಿನಲ್ಲಿ ಇದ್ದದ್ದು ಸುಮಾರು 44,000. ಅವಳ ತಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದವರು. ಕಾನೂನು ಇತ್ತು, ಹಣ ಗೊತ್ತಿದ್ದ ಅಪ್ಪ ಇದ್ದರು. ಆದರೂ ಹೀಗಾಯಿತು.

ಹುಡುಗನ ಮುಂದಿನ ಬದುಕನ್ನೂ ಹೇಳಬೇಕು, ಯಾಕೆಂದರೆ ಇಂಥ ಕಥೆಗಳನ್ನು ಬೀಳುವಲ್ಲಿಗೇ ನಿಲ್ಲಿಸಿಬಿಡುತ್ತಾರೆ. 1941ರಲ್ಲಿ ಸೈನ್ಯ ಸೇರಿದ. ವಿಮಾನ ಹಾರಿಸಿ ಗೊತ್ತಿದ್ದರಿಂದ ಗ್ಲೈಡರ್ ಪೈಲಟ್ ಆದ. ಎಂಜಿನ್ ಇಲ್ಲದ ಆ ವಿಮಾನವನ್ನು ಇನ್ನೊಂದು ವಿಮಾನ ಎಳೆದುಕೊಂಡು ಹೋಗಿ ಬಿಡುತ್ತದೆ, ಆಮೇಲೆ ಇಳಿಸುವುದು ಪೈಲಟ್‌ನ ಕೈಚಳಕ. 1943ರ ಕೊನೆಗೆ ಅವನನ್ನು ಭಾರತಕ್ಕೆ ಕಳಿಸಿದರು. 1944ರ ಮಾರ್ಚ್‌ನಲ್ಲಿ, ರಾತ್ರಿ ಹೊತ್ತು, ಬರ್ಮಾ ಕಾಡಿನೊಳಗೆ ಜಪಾನಿ ಸೈನ್ಯದ ಬೆನ್ನ ಹಿಂದೆ ಸೈನಿಕರನ್ನು ಇಳಿಸಿದ ಗ್ಲೈಡರ್ ಪೈಲಟ್‌ಗಳಲ್ಲಿ ಅವನೂ ಒಬ್ಬ. ಮುದ್ದುಮುಖಕ್ಕೆ ಸಂಬಂಧವೇ ಇಲ್ಲದ ಕೆಲಸ ಅದು. ಅವನ ಬಾಳಿನಲ್ಲಿ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸುವ ಅಧ್ಯಾಯ ಇದೇ.

ಯುದ್ಧ ಮುಗಿದು ಬಂದ ಮೇಲೆ ಸಣ್ಣಪುಟ್ಟ ಪಾತ್ರಗಳು, ಟೀವಿ, ಒಂದರ ನಂತರ ಒಂದು ಮದುವೆ. ಒಟ್ಟು ನಾಲ್ಕು. 1964ರಿಂದ 1966ರವರೆಗೆ ಒಂದು ವಿಚಿತ್ರ ಸಂಸಾರದ ಹಾಸ್ಯ ಧಾರಾವಾಹಿಯಲ್ಲಿ ಬೋಳುತಲೆಯ, ಗುಂಡುಗುಂಡಾದ ಮಾವನ ಪಾತ್ರ ಸಿಕ್ಕಿತು. ಬಾಯಲ್ಲಿ ಬಲ್ಬು ಇಟ್ಟುಕೊಂಡರೆ ಅದು ಹತ್ತಿಕೊಳ್ಳುತ್ತದೆ, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಕಿವಿ ಮುಚ್ಚುವ ಕೂದಲಿನ ಆ ಹುಡುಗನೇ ಇವನು ಅಂತ ಹೊಸ ತಲೆಮಾರಿಗೆ ಗೊತ್ತೇ ಇರಲಿಲ್ಲ. ತಾಯಿಯ ಜೊತೆ ಮತ್ತೆ ಮಾತುಕತೆ ಶುರುವಾಯಿತು. 1984ರಲ್ಲಿ, 69ನೇ ವಯಸ್ಸಿನಲ್ಲಿ, ಹೃದಯ ನಿಂತು ತೀರಿಕೊಂಡ.

ಈ ಪ್ರಕರಣದಿಂದ ತಿಳಿಯುವುದು

ಈ ಕಥೆಯ ತಿರುವು 1935ರ ಅಪಘಾತ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಿರುವು ಇರುವುದು ಅದಕ್ಕಿಂತ 12 ವರ್ಷ ಮುಂಚೆ, ಎಲ್ಲರೂ ಖುಷಿಯಾಗಿದ್ದಾಗ, ಕಂಪನಿಯ ಕಾಗದಕ್ಕೆ ಸಹಿ ಬಿದ್ದಾಗ. ಅವತ್ತು ಒಬ್ಬ ವಕೀಲರನ್ನು ಕೂರಿಸಿ, ಇಷ್ಟು ಪಾಲು ಮಗನದ್ದು, ಅವನಿಗೆ 21 ತುಂಬುವವರೆಗೆ ಇಂಥ ಬ್ಯಾಂಕು ನೋಡಿಕೊಳ್ಳಲಿ ಅಂತ ಒಂದು ಟ್ರಸ್ಟ್ ಮಾಡಿಸಿದ್ದರೆ? ಅಪ್ಪ ಸತ್ತರೂ ಹಣ ಉಳಿಯುತ್ತಿತ್ತು. ತಾಯಿ ಮಕ್ಕಳ ನಡುವೆ ಕೋರ್ಟು ಬರುತ್ತಿರಲಿಲ್ಲ. ಅಪ್ಪನಿಗೆ ಮನಸ್ಸಿರಲಿಲ್ಲ ಅಂತಲ್ಲ. ನಾನಿದ್ದೀನಲ್ಲ, ಇನ್ನೇನು ಬೇಕು ಅನ್ನುವುದೇ ಬಹಳ ಅಪ್ಪಂದಿರ ಲೆಕ್ಕ. ತಾನು ಇರದ ದಿನದ ಲೆಕ್ಕವನ್ನು ಬರೆದಿಡುವುದು ಮಗನ ಮೇಲಿನ ಪ್ರೀತಿಯ ಕೆಲಸವೇ ಅಂತ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಮಲತಂದೆಯನ್ನು ಖಳನಾಯಕ ಮಾಡಿ ಮುಗಿಸುವುದರಲ್ಲಿ ಇದೇ ಅಪಾಯ. ನಮ್ಮ ಮನೆಯಲ್ಲಿ ಅಂಥವರಿಲ್ಲ, ಹಾಗಾಗಿ ನಮಗೇನೂ ಆಗುವುದಿಲ್ಲ ಅಂದುಕೊಳ್ಳುತ್ತೇವೆ. ಆದರೆ ಬಾಗಿಲು ತೆರೆದಿಟ್ಟಿದ್ದು ಒಳ್ಳೆಯ ಅಪ್ಪ.

ಎರಡನೆಯದು, ಕೇಳುವವರು ಯಾರು ಅನ್ನುವುದು. ಮಗು ಕೇಳುವುದಿಲ್ಲ. ಅದಕ್ಕೆ ಕೇಳಬೇಕು ಅಂತಲೇ ಗೊತ್ತಿರುವುದಿಲ್ಲ. ಹೆತ್ತವರು ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳುವುದು ಕಷ್ಟ. ಸ್ಟುಡಿಯೋಗೆ ಚಿತ್ರ ಮುಗಿದರೆ ಸಾಕು. ಹಾಗಾಗಿ ಹಣ ಕೊಡುವ ಜಾಗದಲ್ಲೇ ಕತ್ತರಿ ಬೀಳಬೇಕು. ಇದು ಕ್ಯಾಲಿಫೋರ್ನಿಯಾಕ್ಕೆ ಅರ್ಥವಾಗಲು 60 ವರ್ಷ ಹಿಡಿಯಿತು. 2000ದ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಮಗುವಿನ ಗಳಿಕೆ ಮಗುವಿನದ್ದೇ ಆಸ್ತಿ. ಕೆಲಸ ಕೊಟ್ಟವರೇ ಒಟ್ಟು ಗಳಿಕೆಯ 15 ಪರ್ಸೆಂಟ್ ಹಣವನ್ನು ನೇರವಾಗಿ ಮಗುವಿನ ಟ್ರಸ್ಟ್ ಖಾತೆಗೆ ಹಾಕಬೇಕು. ಆ ಹಣ ಅಪ್ಪ ಅಮ್ಮನ ಕೈಗೆ ಬರುವುದೇ ಇಲ್ಲ. ನನ್ನ ಮಟ್ಟಿಗೆ, 15 ಅನ್ನುವ ಅಂಕಿಗಿಂತ 'ನೇರವಾಗಿ' ಅನ್ನುವುದು ದೊಡ್ಡ ಸುಧಾರಣೆ.

ಮೂರನೆಯ ವಿಷಯ ಹಣದ್ದಲ್ಲ. ಪೂರ್ತಿ 40 ಲಕ್ಷ ಕೈಗೆ ಬಂದಿದ್ದರೂ 17ನೇ ವಯಸ್ಸಿಗೆ ಈ ಹುಡುಗನ ಕೆಲಸ ನಿಂತೇ ಹೋಗುತ್ತಿತ್ತು. ಶಾಲೆ, ಗೆಳೆಯರು, ಬೇರೆ ಒಂದು ಕಸುಬು, ಇವನ್ನು ಕಟ್ಟಿಕೊಳ್ಳುವ ವರ್ಷಗಳು ಸೆಟ್ಟಿನಲ್ಲಿ ಕಳೆದಿದ್ದವು. ಅವನ ಕೈ ಹಿಡಿದದ್ದು ಯಾರೂ ದುಡ್ಡಿಗಾಗಿ ಕಲಿಸದ ವಿದ್ಯೆ, ವಿಮಾನ ಹಾರಿಸುವುದು. ಸೆಟ್ಟಿನಲ್ಲಿ ಪಾಠ ಕಡ್ಡಾಯ, ಕೆಲಸದ ಗಂಟೆಗೆ ಮಿತಿ ಅಂದಾಗ ನಿರ್ಮಾಪಕರು ಗೊಣಗುತ್ತಾರೆ, ಎಷ್ಟೋ ಸಲ ಹೆತ್ತವರೂ ಗೊಣಗುತ್ತಾರೆ. ಆ ಗಂಟೆಗಳು ಮಗುವಿನ 18ನೇ ವಯಸ್ಸಿನ ಬಂಡವಾಳ ಅಲ್ವಾ?

ನಮ್ಮ ದೇಶದ ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿಯಾಯಿತು, 2017ರಲ್ಲಿ ಅದರ ನಿಯಮಗಳು ಬಂದವು. 14 ವರ್ಷದೊಳಗಿನ ಮಗುವನ್ನು ಸಿನಿಮಾ, ಧಾರಾವಾಹಿ, ರಿಯಾಲಿಟಿ ಶೋನಲ್ಲಿ ಹಾಕಿಕೊಳ್ಳಲು ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಪಡೆಯಬೇಕು. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸವಿಲ್ಲ, ವಿಶ್ರಾಂತಿ ಇಲ್ಲದೆ ಮೂರು ಗಂಟೆಗಿಂತ ಜಾಸ್ತಿ ಇಲ್ಲ, ಸತತ 27 ದಿನಕ್ಕಿಂತ ಜಾಸ್ತಿ ಇಲ್ಲ. ಗಳಿಕೆಯಲ್ಲಿ ಕನಿಷ್ಠ 20 ಪರ್ಸೆಂಟ್ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ಫಿಕ್ಸೆಡ್ ಡಿಪಾಸಿಟ್‌ಗೆ ನೇರವಾಗಿ ಹೋಗಬೇಕು, ವಯಸ್ಸಿಗೆ ಬಂದ ಮೇಲೆ ಅದು ಮಗುವಿನ ಕೈಗೆ. ಬೆಂಗಳೂರಿನಲ್ಲಿ ಆಡಿಷನ್ ಸಾಲಿನಲ್ಲಿ ಮಗುವಿನ ಜೊತೆ ನಿಲ್ಲುವ ಅಪ್ಪ ಅಮ್ಮ ಈ ಐದಾರು ಸಾಲುಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರಲಿ. ಅನುಮತಿ ಪತ್ರದ ಪ್ರತಿ ಕೊಡಿ, ಡಿಪಾಸಿಟ್ ರಸೀದಿ ಕೊಡಿ ಅಂತ ಮೊದಲ ದಿನವೇ ಕೇಳಲಿ. ಕೇಳಿದರೆ ಅವಕಾಶ ತಪ್ಪುತ್ತದೆ ಅನ್ನುವ ಹೆದರಿಕೆ ನಿಜ. ಆದರೆ ಕೇಳಿದ್ದಕ್ಕೇ ಮಗುವನ್ನು ಬಿಡುವ ತಂಡದ ಜೊತೆ ಮಗುವನ್ನು ಬಿಡುವುದು ಹೇಗೆ?

ಈ ನಿಯಮಗಳೆಲ್ಲ ಒಂದು ಊಹೆಯ ಮೇಲೆ ನಿಂತಿವೆ. ನಿರ್ಮಾಪಕ ಬೇರೆ, ಹೆತ್ತವರು ಬೇರೆ ಅಂತ. ಅಡುಗೆಮನೆಯಲ್ಲಿ ಮಗಳು ಮಾತಾಡುವ ವಿಡಿಯೋ ಮಾಡಿ ಅಪ್ಪನ ಚಾನೆಲ್‌ಗೆ ಹಾಕಿದಾಗ ಆ ಗೋಡೆಯೇ ಇರುವುದಿಲ್ಲ. ಕ್ಯಾಮೆರಾ ಹಿಡಿಯುವವರು ಅಪ್ಪ, ಜಾಹೀರಾತಿನ ಹಣ ಬರುವುದು ಅಪ್ಪನ ಖಾತೆಗೆ. ಇದು 1923ರ ಆ ಕಂಪನಿಯದ್ದೇ ರಚನೆ. ಅಮೆರಿಕದಲ್ಲಿ ಇಲಿನಾಯ್ 2024ರ ಜುಲೈಯಿಂದ, ಕ್ಯಾಲಿಫೋರ್ನಿಯಾ 2025ರಿಂದ ಇಂಥ ಕುಟುಂಬ ಚಾನೆಲ್‌ಗಳ ಮಕ್ಕಳಿಗೂ ಪಾಲು ತೆಗೆದಿಡಬೇಕು ಅಂತ ಕಾನೂನು ಮಾಡಿವೆ. ಇಲ್ಲಿ ಅದಕ್ಕಾಗಿ ಕಾಯಬೇಕಿಲ್ಲ. ಮೊದಲ ಪಾವತಿ ಬಂದ ತಿಂಗಳೇ ಮಗುವಿನ ಹೆಸರಿನಲ್ಲಿ ಒಂದು ಡಿಪಾಸಿಟ್ ತೆರೆಯಬಹುದು. ಪ್ರತಿ ತಿಂಗಳು ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು, ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿ, ಅದರ ಒಂದು ಪ್ರತಿಯನ್ನು ಅಜ್ಜಿ ಅಥವಾ ಸೋದರಮಾವನ ಕೈಗೆ ಕೊಟ್ಟಿರಬಹುದು. ವರ್ಷಕ್ಕೊಮ್ಮೆ ಅವರೇ ಲೆಕ್ಕ ಕೇಳಲಿ.